ಕಿವಿಯ ಹಿಂದಿನ ಗುಮ್ಮ

ಮನುಷ್ಯನ ಹೆದರಿಕೆಯನ್ನು ಹಿಡಿದು ಡಬ್ಬಿಯಲ್ಲಿಟ್ಟು, ಬೇಕೆಂದಾಗ ಅವನಿಗೇ ಒಂದೊಂದು ಚಮಚ ಕುಡಿಸುವ ಹಾಗಿದ್ದರೆ? ಈ ಪ್ರಶ್ನೆ ಯಾವನಾದರೂ ಮಂತ್ರವಾದಿಗೆ ಹೊಳೆದಿದ್ದರೆ ಜನ ಅವನನ್ನು ಊರಾಚೆ ಅಟ್ಟುತ್ತಿದ್ದರು. ಹೊಳೆದದ್ದು ಒಂದು ಕಂಪನಿಗೆ. ಹಾಗಾಗಿ ಅದಕ್ಕೆ ಶಾಲು ಹೊದಿಸಿ, ಹಾರ ಹಾಕಿ, ದಾವಣಗೆರೆಯ ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಬರಮಾಡಿಕೊಂಡರು.

ನಾನು ಸರ್ವಮಂಗಳಾ. ಹತ್ತೊಂಬತ್ತು ವರ್ಷಗಳಿಂದ ಇದೇ ಘಟಕದಲ್ಲಿ ಬೀಡಿ, ಸಿಗರೇಟು ಬಿಡಿಸುವ ಆಪ್ತ ಸಲಹೆಗಾರ್ತಿ. ಎದೆ ಹಿಡಿದುಕೊಂಡು ಬಂದವನ ಜೀವ ಉಳಿದು, ಅವನು ಮೊದಲ ಸಲ ನೀರು ಕೇಳುವ ಹೊತ್ತಿಗೆ ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಆಗ ಮನುಷ್ಯ ಸ್ವಲ್ಪ ಮೆತ್ತಗಾಗಿರುತ್ತಾನೆ. ಮೆತ್ತಗಾಗಿದ್ದರೂ ಸುಳ್ಳು ಹೇಳುವುದನ್ನು ಮಾತ್ರ ಬಿಡುವುದಿಲ್ಲ. "ಬಿಟ್ಟು ಬಿಟ್ಟು ಸೇದ್ತೀನಿ" ಎನ್ನುತ್ತಾನೆ ಒಬ್ಬ. "ಒಳಗೆ ಎಳ್ಕೊಳಲ್ರೀ, ಬಾಯಾಗಿಂದ ಹಂಗೇ ಬಿಡ್ತೀನಿ" ಎನ್ನುತ್ತಾನೆ ಇನ್ನೊಬ್ಬ. ಧೂಮಪಾನ ಮಾಡುತ್ತೀರಾ ಎಂದರೆ, ಕುಡಿಯುವ ಅಭ್ಯಾಸ ಇಲ್ಲ ಎಂದು ದೇವರಾಣೆ ಹಾಕಿದವರನ್ನೂ ನೋಡಿದ್ದೇನೆ. ಇಂಥವರ ಪಕ್ಕ ಕೂತು, ಅವರ ಮಾತು ಕೇಳಿ, ಮನೆಗೆ ಹೋದ ಮೇಲೆ ವಾರಕ್ಕೊಮ್ಮೆ ಫೋನು ಮಾಡಿ, ನೂರಕ್ಕೆ ಹನ್ನೆರಡು ಜನರಿಂದ ಬಿಡಿಸುತ್ತಿದ್ದೆ. ಹನ್ನೆರಡು ದೊಡ್ಡ ಸಂಖ್ಯೆ. ಈ ಕೆಲಸ ಮಾಡಿದವರಿಗೆ ಗೊತ್ತು.

ಕಂಪನಿಯಿಂದ ಬಂದ ನಿಶ್ಚಲ್ ಕಾಮತ್‌ನಿಗೆ ಗೊತ್ತಿರಲಿಲ್ಲ. ಅವನು ಹನ್ನೆರಡು ಎಂಬುದನ್ನು ಕೇಳಿ, ಬಡ ನೆಂಟರ ಮನೆಯ ಊಟ ನೋಡಿದಂತೆ ಮುಗುಳ್ನಕ್ಕ. ತನ್ನ ಯಂತ್ರ ನೂರಕ್ಕೆ ಎಂಬತ್ತೊಂಬತ್ತು ಜನರಿಂದ ಬಿಡಿಸುತ್ತದೆ ಎಂದ.

ಯಂತ್ರದ ಹೆಸರು ವಿಮುಕ್ತಿ. ರೂಪಾಯಿ ನಾಣ್ಯದಷ್ಟಗಲದ ಒಂದು ಪಟ್ಟಿ. ಬೀಡಿ ಸೇದುವ ರೋಗಿ ತುರ್ತು ಘಟಕಕ್ಕೆ ಬಂದ ಕೂಡಲೇ ಅದನ್ನು ಅವನ ಕಿವಿಯ ಹಿಂದೆ ಅಂಟಿಸುತ್ತಾರೆ. ಸಾಯುತ್ತೇನೆ ಎಂದು ಮನುಷ್ಯನಿಗೆ ಖಾತ್ರಿಯಾಗಿರುವ ಆ ಮೊದಲ ಒಂದು ಗಂಟೆಯನ್ನು ಪಟ್ಟಿ ಬರೆದುಕೊಳ್ಳುತ್ತದೆ. ಎದೆ ಹೇಗೆ ಓಡಿತು, ಉಸಿರು ಎಲ್ಲಿ ಕಟ್ಟಿತು, ಬೆವರು ಯಾವಾಗ ಒಡೆಯಿತು, ಎಲ್ಲ. ಆಮೇಲೆ ಮನೆಗೆ ಹೋದವನ ಮೂಗಿಗೆ ತಂಬಾಕಿನ ವಾಸನೆ ತಗಲಿದರೆ ಪಟ್ಟಿ ಎಚ್ಚರಾಗಿ ಕಿವಿಯ ಹಿಂದಿನ ನರವನ್ನು ಮಿಡಿಯುತ್ತದೆ. ಮೈ ತಾನಾಗಿಯೇ ಆ ಗಂಟೆಗೆ ವಾಪಸು ಹೋಗುತ್ತದೆ. ನಲವತ್ತು ಸೆಕೆಂಡು, ಅಷ್ಟೇ. ಹತ್ತು ಸಲ ಹೀಗಾದರೆ ಬೀಡಿಯ ಕಡೆ ಕೈ ಹೋಗುವುದಿಲ್ಲ. ಪಟ್ಟಿ ನೂರೆಂಬತ್ತು ದಿನ ಇರಬೇಕು. ನಡುವೆ ತಾನಾಗಿ ಕೀಳಲು ಬರುವುದಿಲ್ಲ. ಆಸ್ಪತ್ರೆಯಲ್ಲೇ ತೆಗೆಯಬೇಕು.

ಕಂಪನಿಯವರು ವಿಮುಕ್ತಿ ಎಂದರು. ಊರ ಜನ ಒಂದೇ ವಾರದಲ್ಲಿ ಅದಕ್ಕೆ ಸರಿಯಾದ ಹೆಸರು ಇಟ್ಟರು: ಗುಮ್ಮ. ಮಕ್ಕಳನ್ನು ಹೆದರಿಸಿ ಉಣ್ಣಿಸುವ ಗುಮ್ಮ ದೊಡ್ಡವರಿಗೂ ಬಂತಲ್ಲ ಎಂದು ನಕ್ಕರು. ನಾನೂ ನಕ್ಕೆ. ನಗದಿದ್ದರೆ ನನ್ನ ಸ್ಟೂಲನ್ನು ಉಗ್ರಾಣಕ್ಕೆ ಕಳಿಸಿದ್ದಕ್ಕೆ ಅಳಬೇಕಾಗುತ್ತಿತ್ತು.

ನನಗೆ ಉಳಿದದ್ದು ಎರಡು ಕೆಲಸ. ಒಂದು, ಪಟ್ಟಿ ಅಂಟಿಸುವ ಮುಂಚೆ ಪರದೆಯ ಮೇಲಿನ ಏಳು ಪ್ರಶ್ನೆ ಕೇಳಿ ಒತ್ತುವುದು, ಅದೂ ತೊಂಬತ್ತು ಸೆಕೆಂಡಿನಲ್ಲಿ. ಇನ್ನೊಂದು, ಅವರ ಕನ್ನಡ ತಿದ್ದುವುದು. ನೂರೆಂಬತ್ತನೆಯ ದಿನ ರೋಗಿಗೆ ಯಂತ್ರವೇ ಫೋನು ಮಾಡಿ ಕೇಳುವ ಪ್ರಶ್ನೆಯನ್ನು ಅವರು "ತಾವು ತಂಬಾಕು ಸೇವನೆಯನ್ನು ಪರಿಪೂರ್ಣವಾಗಿ ತ್ಯಜಿಸಿರುವಿರಾ?" ಎಂದು ಬರೆಸಿದ್ದರು. ಇದು ನಮ್ಮ ಜನಕ್ಕೆ ಅರ್ಥವಾಗುವುದಿಲ್ಲ, "ಬಿಟ್ಟಿದ್ದೀರಾ?" ಎಂದರೆ ಸಾಕು ಎಂದೆ. ನಿಶ್ಚಲನಿಗೆ ಖುಷಿಯಾಯಿತು, ಪದ ಕಡಿಮೆಯಾಯಿತಲ್ಲ. ಇಡೀ ಯೋಜನೆಯಲ್ಲಿ ನನ್ನದು ಎನ್ನುವುದು ಆ ಒಂದು ಪದ. ಹೆಮ್ಮೆಯೂ ಪಟ್ಟಿದ್ದೆ, ಸುಳ್ಳೇಕೆ.

ಹಾಲೇಶಪ್ಪ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಐವತ್ತಾರು ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ಮೂವತ್ತು ವರ್ಷ ಅಕ್ಕಿ ಹುರಿದವನು. ಭಟ್ಟಿಯಲ್ಲಿ ಹೊಟ್ಟು ಉರಿಸುತ್ತಾರೆ, ಹಳೇ ಟೈರು ಉರಿಸುತ್ತಾರೆ. ಗೋಡೆ, ಹೆಂಚು, ಮನುಷ್ಯರು ಎಲ್ಲ ಒಂದೇ ಬಣ್ಣ. ಆ ಹೊಗೆಯ ಬಗ್ಗೆ ಪರದೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಎಂಟು ತಾಸು ಟೈರಿನ ಹೊಗೆ ಕುಡಿದವನು ನಡುವೆ ಸೇದಿದ ಹತ್ತು ಬೀಡಿ ಮಾತ್ರ ಕಂಪನಿಯ ಲೆಕ್ಕಕ್ಕೆ ಬರುತ್ತಿತ್ತು. ಎಂಥ ಸೂಕ್ಷ್ಮ ವಿಜ್ಞಾನ.

ಎದೆಯ ಮೇಲೆ ಕಲ್ಲು ಹೇರಿದಂತಾಗಿದೆ ಎಂದು ಅವನು ತೊದಲುತ್ತಿದ್ದ. ಅವನ ಹೆಂಡತಿ ದುಗ್ಗಮ್ಮ ಅವನ ಕೈ ಹಿಡಿದುಕೊಂಡು, ಮುಖದ ಮೇಲೆ ಬಗ್ಗಿ, ಏನೂ ಆಗುವುದಿಲ್ಲ ಎಂದು ಹೇಳುತ್ತಲೇ ಇದ್ದಳು. ಕಂಪನಿಯ ಕೈಪಿಡಿಯಲ್ಲಿ ಆ ಒಂದು ಗಂಟೆ ರೋಗಿಯ ಹತ್ತಿರ ಸಂಬಂಧಿಕರು ಇರಕೂಡದು ಎಂದು ಬರೆದಿತ್ತು. ಕೈಪಿಡಿ ಬರೆದವನು ನಮ್ಮ ಕಡೆಯ ಆಸ್ಪತ್ರೆ ನೋಡಿದವನಲ್ಲ. ಇಲ್ಲಿ ಒಬ್ಬ ರೋಗಿ ಎಂದರೆ ಒಂಬತ್ತು ಜನ. ದುಗ್ಗಮ್ಮ ಒಬ್ಬಳೇ ಇದ್ದದ್ದೇ ದೊಡ್ಡದು ಎಂದು ನಾನು ಅವಳನ್ನು ಅಲ್ಲೇ ಬಿಟ್ಟೆ.

ಪ್ರಶ್ನೆಗಳನ್ನು ಅವಳಿಗೇ ಕೇಳಿದೆ. ಐದನೆಯದು, ಮನೆಯಲ್ಲಿ ತಂಬಾಕಿನ ಸೇವನೆ ಅಥವಾ ಸಂಗ್ರಹ ಇದೆಯೇ ಎಂದು. ನಾನು ಅದನ್ನು ಸುಲಭ ಮಾಡಿ, "ಮನ್ಯಾಗೆ ತಂಬಾಕು ಐತೇನಮ್ಮ?" ಎಂದೆ.

"ತಂಬಾಕು ಯಾರೂ ಹಾಕಲ್ರೀ ನಮ್ಮನ್ಯಾಗೆ" ಎಂದಳು.

ಪರದೆಯಲ್ಲಿ ಸೆಕೆಂಡು ಇಳಿಯುತ್ತಿತ್ತು. ನಾನು 'ಇಲ್ಲ' ಒತ್ತಿದೆ.

ಅವಳು ಹೇಳಿದ್ದು ಸತ್ಯ. ಭಟ್ಟಿಯ ಸುತ್ತಿನ ಓಣಿಗಳಲ್ಲಿ ತಂಬಾಕು ಎಂದರೆ ಸುಣ್ಣ ಹಚ್ಚಿ ತಿಕ್ಕಿ ದವಡೆಗೆ ಇಟ್ಟುಕೊಳ್ಳುವುದು. ಬೆಳಿಗ್ಗೆಯಿಂದ ಸಂಜೆವರೆಗೆ ಮೊರದಲ್ಲಿ ಇಟ್ಟುಕೊಂಡು ಎಲೆಗೆ ತುಂಬುವ ಪುಡಿಗೆ ತಂಬಾಕು ಎನ್ನುವುದಿಲ್ಲ, ಮಾಲು ಎನ್ನುತ್ತಾರೆ. ದುಗ್ಗಮ್ಮ ಒಂಬತ್ತನೇ ವಯಸ್ಸಿನಿಂದ ಬೀಡಿ ಕಟ್ಟುವವಳು. ಅವಳ ಸೀರೆಯಿಂದ ಬರುತ್ತಿದ್ದ ವಾಸನೆ ನನ್ನ ಮೂಗಿಗೂ ಬಡಿದಿತ್ತು. ನಾನು ಹುಟ್ಟಿ ಬೆಳೆದದ್ದು ಅವಳ ಮನೆಯಿಂದ ಮೂರನೇ ಓಣಿಯಲ್ಲಿ. ಕಂಪನಿಯ ಕನ್ನಡ ತಿದ್ದಲು ಕೂತ ಪಂಡಿತೆ ನಾನು, ಆ ಒಂದು ಪದ ನನಗೆ ಹೊಳೆಯಲಿಲ್ಲ. ಇದೆ ಎಂದು ಒತ್ತಿದ್ದರೆ ಪಟ್ಟಿಯ ಮೂಗನ್ನು ಮೊಂಡು ಮಾಡಿ, ಬರೀ ಹೊಗೆಗೆ ಎಚ್ಚರಾಗುವಂತೆ ಇಡುತ್ತಿದ್ದರು. ಇಲ್ಲ ಎಂದಿದ್ದರಿಂದ ಹಸಿ ಪುಡಿಯ ವಾಸನೆಗೂ ಎಚ್ಚರಾಗುವಂತೆ ಇಟ್ಟರು.

ಹಾಲೇಶಪ್ಪನ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ನಾಲ್ಕನೆಯ ದಿನ ಕಿವಿಯ ಹಿಂದೆ ಗುಮ್ಮನನ್ನು ಕೂರಿಸಿಕೊಂಡು ಮನೆಗೆ ಹೋದ.

ಎರಡನೇ ಮಹಡಿಯಲ್ಲಿ ನಿಶ್ಚಲನ ಗಾಜಿನ ಕೋಣೆ. ಗೋಡೆಯ ತುಂಬ ಒಂದು ಪರದೆ, ಅದರಲ್ಲಿ ಊರಿನ ನಕ್ಷೆ, ನಕ್ಷೆಯ ಮೇಲೆ ಚುಕ್ಕೆಗಳು. ಒಂದು ಚುಕ್ಕೆ ಎಂದರೆ ಒಬ್ಬ ಮನುಷ್ಯ. ಪಟ್ಟಿ ಸುಮ್ಮನಿದ್ದರೆ ಹಸಿರು, ಮಿಡಿದರೆ ಕೆಂಪು. ನಿಶ್ಚಲ ಅದರ ಮುಂದೆ ಕಾಫಿ ಹಿಡಿದು ಕೂತು, ಇಡೀ ಊರನ್ನು ತಾನೇ ಉಸಿರಾಡಿಸುತ್ತಿದ್ದೇನೆ ಎಂಬಂತೆ ನೋಡುತ್ತಿರುತ್ತಿದ್ದ.

ವಾರ ಕಳೆದ ಮೇಲೆ ನನ್ನನ್ನು ಕರೆದು ಒಂದು ಚುಕ್ಕೆ ತೋರಿಸಿದ. ಹಾಲೇಶಪ್ಪನದು. ದಿನಕ್ಕೆ ಅರವತ್ತು, ಎಪ್ಪತ್ತು ಸಲ ಕೆಂಪಾಗುತ್ತಿತ್ತು. ಈ ಮನುಷ್ಯ ಎಂಥ ಚಟಗಾರ ನೋಡಿ, ದಿನಕ್ಕೆ ಎಪ್ಪತ್ತು ಸಲ ಬೀಡಿ ಹಚ್ಚಲು ನೋಡುತ್ತಾನೆ, ಎಪ್ಪತ್ತು ಸಲವೂ ನಮ್ಮ ಪಟ್ಟಿ ತಡೆದಿದೆ ಎಂದ. ಸ್ಟೆಂಟ್ ಹಾಕಿಸಿಕೊಂಡವನು ಹಾಗೆ ಎಪ್ಪತ್ತು ಸಲ ಎದ್ದು ಹೋಗುತ್ತಾನೆಯೇ, ಒಂದು ಫೋನು ಮಾಡಿ ಕೇಳುತ್ತೇನೆ ಎಂದೆ. ನೂರೆಂಬತ್ತು ದಿನದ ಒಳಗೆ ಮನುಷ್ಯರು ಫೋನು ಮಾಡಿದರೆ ಫಲಿತಾಂಶ ಕೆಡುತ್ತದೆಯಂತೆ, ಬೇಡ ಎಂದ. ನಾನು ಮಾಡಲಿಲ್ಲ. ನನ್ನ ಹೇಡಿತನಕ್ಕೆ ಇಲ್ಲಿ ಬೇರೆ ಹೆಸರು ಕೊಡುವುದಿಲ್ಲ.

ಹದಿನಾರನೆಯ ದಿನ ಚುಕ್ಕೆ ಸುಮ್ಮನಾಯಿತು. ಒಂದು ಮಿಡಿತವೂ ಇಲ್ಲ. ನಿಶ್ಚಲ ಅದನ್ನು ಚಿತ್ರ ತೆಗೆದು ಬೆಂಗಳೂರಿನ ಆರೋಗ್ಯ ಇಲಾಖೆಗೆ ತೋರಿಸುವ ಕಡತಕ್ಕೆ ಸೇರಿಸಿದ. ಕೆಳಗೆ 'ಪೂರ್ಣ ಯಶಸ್ಸು' ಎಂದು ಬರೆದ.

ಅದಾಗಿ ಎರಡು ದಿನಕ್ಕೆ ದುಗ್ಗಮ್ಮ ಬಂದಳು. ನನ್ನನ್ನು ಹುಡುಕಿಕೊಂಡು, ಹೊರರೋಗಿಗಳ ಸಾಲಿನಲ್ಲಿ ಎರಡು ತಾಸು ನಿಂತು ಬಂದಿದ್ದಳು. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಏನಾಯಿತು ಎಂದು ಕೇಳಿದ್ದಕ್ಕೆ ತೆಗೆದು ತೋರಿಸಿದಳು. ಅಂಗೈ, ಬೆರಳು ಸುಲಿದು ಕೆಂಪಾಗಿದ್ದವು. ಹುಣಸೆಹಣ್ಣು, ಸೀಗೆಪುಡಿ, ಪಾತ್ರೆ ತಿಕ್ಕುವ ಪುಡಿ, ಕೊನೆಗೆ ಸೀಮೆಎಣ್ಣೆ, ಎಲ್ಲದರಲ್ಲೂ ತಿಕ್ಕಿ ತೊಳೆದಿದ್ದಳು. ಬೀಡಿ ಕಟ್ಟುವುದನ್ನು ನಿಲ್ಲಿಸಿ ಹತ್ತು ದಿನವಾಗಿತ್ತು. ಆದರೂ ಗಂಡ ಅವಳ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ಹತ್ತಿರ ಬಂದರೆ ಗೋಡೆಗೆ ಆತು ನಿಂತು ಬೆವರುತ್ತಿದ್ದ, ಉಸಿರು ಕಟ್ಟಿ ಏದುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಚಾಪೆ ಸುತ್ತಿಕೊಂಡು ಭಟ್ಟಿಗೆ ಹೋದವನು ವಾಪಸು ಬಂದಿರಲಿಲ್ಲ.

"ನನ್ನ ಕಂಡ್ರೆ ಸಾವು ಕಂಡಂಗೆ ಮಾಡ್ತಾರ್ರೀ" ಎಂದಳು. "ಮೂವತ್ತೊಂದು ವರ್ಷ ಆತು ಮದ್ವಿ ಆಗಿ. ನಾನೇನು ಮಾಡೀನಿ ಹೇಳ್ರಿ. ಕೈ ಕಡ್ಕೊಂಡ್ರೆ ಸರಿ ಹೋಗ್ತಾರಾ?"

ಅವಳು ಅಳುತ್ತಿರಲಿಲ್ಲ. ನಿಜವಾಗಿಯೂ ಉತ್ತರ ಬೇಕೆಂದು ಕೇಳುತ್ತಿದ್ದಳು. ನಾನು ಅವಳ ಜೊತೆ ಅವಳ ಮನೆಗೆ ಹೋದೆ. ಒಂದೂವರೆ ಕೋಣೆ. ಮೊರ, ಕತ್ತರಿ, ದಾರದ ಉಂಡೆ ಎಲ್ಲ ಪಕ್ಕದ ಮನೆಗೆ ಸಾಗಿಸಿದ್ದಳು. ನೆಲಕ್ಕೆ ಸಗಣಿ ಸಾರಿಸಿ, ಗೋಡೆಗೆ ಸುಣ್ಣ ಬಳಿದಿದ್ದಳು. ಆದರೂ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ಮೂವತ್ತೊಂದು ವರ್ಷದ ಪುಡಿ ಗೋಡೆಯೊಳಗೆ, ಹಾಸಿಗೆಯೊಳಗೆ, ಅವಳ ಕೂದಲಿನೊಳಗೆ ಇತ್ತು. ಐದನೆಯ ಪ್ರಶ್ನೆಗೆ ನಾನು ಒತ್ತಿದ ಉತ್ತರ ನೆನಪಾಯಿತು. ತಪ್ಪು ನನ್ನದು ಎಂದು ಅವಳಿಗೆ ಹೇಳಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ಗುಮ್ಮ ತೆಗೆದರೆ ಅವರು ಬರುತ್ತಾರಾ ಎಂದಷ್ಟೇ ಕೇಳಿದಳು. ಬರುತ್ತಾರೆ ಎಂದೆ. ಅದೂ ತಪ್ಪಾಯಿತು.

ಭಟ್ಟಿಯ ಹಿಂದೆ, ಹೊಟ್ಟಿನ ಗುಡ್ಡೆಯ ಪಕ್ಕ ಹಾಲೇಶಪ್ಪ ಚಾಪೆ ಹಾಕಿದ್ದ. ಬೀಡಿ ಸೇದುವ ಜೊತೆಗಾರರಿಂದಲೂ ದೂರ ಕೂತಿದ್ದ. ಅವರು ಅವನನ್ನು ಆಡಿಕೊಳ್ಳುತ್ತಿದ್ದರು. ದಾರಿಯಲ್ಲಿ ಹೋಗುವವರೆಲ್ಲ, "ಏನಪಾ ಹಾಲೇಶಣ್ಣ, ಬಿಟ್ಟಿಯಂತೆ?" ಎಂದು ಕೇಳಿ ನಗುತ್ತಿದ್ದರು. ಬಿಟ್ಟದ್ದು ಬೀಡಿಯನ್ನಲ್ಲ, ಹೆಂಡತಿಯನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿ ಕೂತಿದ್ದ.

ನಾನು ಪಕ್ಕದಲ್ಲಿ ಕೂತ ಮೇಲೆ ಹೇಳಿದ. ಆ ಮಂಗಳವಾರ ಎದೆ ಒತ್ತಿ ಕಣ್ಣು ಕತ್ತಲೆಯಾದಾಗ ಅವನಿಗೆ ಕಂಡದ್ದು ಅವಳ ಮುಖ ಒಂದೇ. ಈಗ ಅವಳು ಹತ್ತಿರ ಬಂದರೆ ಆ ಒತ್ತು ಮತ್ತೆ ಬರುತ್ತದೆ, ಆ ಮುಖ ಮತ್ತೆ ಬಗ್ಗುತ್ತದೆ. ಮೊದಮೊದಲು ಹತ್ತಿರ ಬಂದರೆ ಮಾತ್ರ ಆಗುತ್ತಿತ್ತು. ಈಗ ದೂರದಿಂದ ಕಂಡರೂ ಆಗುತ್ತದೆ.

"ಬೀಡಿಗೆ ನಾನು ಯಾವತ್ತೂ ಹೆದರ್ಲಿಲ್ರೀ" ಎಂದ. "ಉಣ್ಣಾಕೆ ಇಕ್ಕಾಕಿಗೆ ಹೆದರ್ತೀನಿ. ಇಂಥಾದ್ದು ಯಾರಿಗೆ ಹೇಳ್ಲಿ?"

ಪಟ್ಟಿಗೆ ಇದು ಗೊತ್ತಿರಲಿಲ್ಲ. ಪಟ್ಟಿ ಮೈಯನ್ನು ಹೆದರಿಸುತ್ತದೆ, ಏತಕ್ಕೆ ಹೆದರಬೇಕು ಎಂದು ಹೇಳುವುದಿಲ್ಲ. ಅದನ್ನು ಮೈಯೇ ಹುಡುಕಿಕೊಳ್ಳಬೇಕು. ಎದುರಿಗೆ ಏನಿದೆಯೋ ಅದಕ್ಕೆ ಹೆದರುತ್ತದೆ. ಎಂಬತ್ತೊಂಬತ್ತು ಜನರ ಎದುರಿಗೆ ಬೀಡಿ ಇತ್ತು. ಇವನ ಎದುರಿಗೆ ದುಗ್ಗಮ್ಮ ಇದ್ದಳು.

ಸೂಪರಿಂಟೆಂಡೆಂಟ್ ಡಾಕ್ಟರ್ ತಿಪ್ಪೇರುದ್ರಪ್ಪನವರ ಬಳಿ ಹೋದೆ. ಅವರ ಬಗ್ಗೆ ಎರಡು ಮಾತು ಹೇಳಬೇಕು. ತಂಬಾಕು ವಿರೋಧಿ ದಿನಾಚರಣೆಯಲ್ಲಿ ಪ್ರತಿವರ್ಷ ಅವರದೇ ಭಾಷಣ. ಭಾಷಣದ ಮುಂಚೆ ಒಂದು, ಆಮೇಲೆ ಒಂದು, ಜನರೇಟರ್ ಕೋಣೆಯ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದರು. ಅವರ ಕಿವಿಯ ಹಿಂದೆ ಯಾವ ಗುಮ್ಮನನ್ನೂ ಯಾರೂ ಕೂರಿಸಿರಲಿಲ್ಲ. ಗುಮ್ಮ ಭಟ್ಟಿಯವರಿಗೆ, ಹಮಾಲರಿಗೆ, ಆಟೋದವರಿಗೆ. ಇಲಾಖೆಯ ಕಾರ್ಯದರ್ಶಿಗಳು ಇನ್ನು ಹತ್ತು ದಿನಕ್ಕೆ ಬರುವವರಿದ್ದರು. ಎಲ್ಲ ಜಿಲ್ಲೆಗಳಿಗೂ ಇದನ್ನು ಕೊಡಬೇಕೋ ಬೇಡವೋ ಎಂದು ನಮ್ಮ ಆಸ್ಪತ್ರೆ ನೋಡಿ ತೀರ್ಮಾನಿಸಲಿದ್ದರು.

ಡಾಕ್ಟರ್ ನನ್ನ ಮಾತು ಪೂರ್ತಿ ಕೇಳಿದರು. ಕೇಳಿ, ಒಬ್ಬನ ಸಂಸಾರದ ಜಗಳಕ್ಕೆಲ್ಲ ವಿಜ್ಞಾನ ಜವಾಬ್ದಾರಿಯಲ್ಲ ಎಂದರು. ಹೃದಯದ ರೋಗಿಗೆ ದಿನಕ್ಕೆ ಎಪ್ಪತ್ತು ಸಲ ಸಾವಿನ ಭಯ ಹುಟ್ಟಿಸುವುದು ಯಾವ ಚಿಕಿತ್ಸೆ ಎಂದು ಕೇಳಿದೆ. ಈಗ ಚುಕ್ಕೆ ಸುಮ್ಮನಾಗಿದೆಯಲ್ಲ ಎಂದರು. ಸುಮ್ಮನಾದದ್ದು ಯಾಕೆ ಎಂದು ಈಗಷ್ಟೇ ಹೇಳಿದ್ದೆ. ಕೆಲವರಿಗೆ ಕಿವಿ ಇರುವುದು ಸ್ಟೆತಸ್ಕೋಪ್ ತೂಗಿಹಾಕಲು.

ಸಿಟ್ಟಿನಲ್ಲಿ ನಿಶ್ಚಲನ ಕೋಣೆಗೆ ಹೋಗಿ ಕೂತೆ. ಪರದೆಯಲ್ಲಿ ಹಳೆಯ ದಿನಗಳ ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಆಗ ಒಂದು ವಿಚಿತ್ರ ಕಂಡಿತು. ಒಳರೋಗಿಗಳ ವಾರ್ಡಿನಲ್ಲಿ ಮಲಗಿದವರ ಚುಕ್ಕೆಗಳು ದಿನವೆಲ್ಲ ಹಸಿರು. ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ, ಬಾಗಿಲ ಕಡೆಯ ಮಂಚದಿಂದ ಶುರುವಾಗಿ ಕಿಟಕಿಯ ಮಂಚದವರೆಗೆ, ಸಾಲಾಗಿ ಒಂದಾದ ಮೇಲೊಂದು ಕೆಂಪಾಗುತ್ತಿದ್ದವು. ಪ್ರತಿದಿನ. ಹನ್ನೊಂದು ಎಂದರೆ ಸೂಪರಿಂಟೆಂಡೆಂಟರ ರೌಂಡ್ಸ್. ಅವರ ಕೋಟಿನ ಸಿಗರೇಟು ವಾಸನೆಗೆ ಇಡೀ ವಾರ್ಡು ಬೆವರಿ ನಡುಗುತ್ತಿತ್ತು. ಈಚೆಗೆ ರೋಗಿಗಳಿಗೆ ತಮ್ಮ ಮೇಲೆ ಭಯಭಕ್ತಿ ಹೆಚ್ಚಾಗಿದೆ ಎಂದು ಅವರು ಸಿಬ್ಬಂದಿ ಸಭೆಯಲ್ಲಿ ಹೇಳಿಕೊಂಡದ್ದು ನೆನಪಾಗಿ, ಎಷ್ಟೋ ದಿನದ ಮೇಲೆ ನಾನು ಮನಸಾರೆ ನಕ್ಕೆ.

ಮರುದಿನ ಮತ್ತೆ ಅವರ ಮುಂದೆ ಹೋದೆ. "ಸರ್, ಕಾರ್ಯದರ್ಶಿಗಳು ಪರದೆ ನೋಡೋ ಹೊತ್ತಿಗೆ ಹನ್ನೊಂದಾಗಿರುತ್ತೆ" ಎಂದು, ತಂದಿದ್ದ ಚಿತ್ರವನ್ನು ಮೇಜಿನ ಮೇಲಿಟ್ಟೆ. ಅದರಲ್ಲಿ ಕೆಂಪು ಚುಕ್ಕೆಗಳ ಸಾಲು ಇತ್ತು. ಅವರು ಅದನ್ನು ನೋಡಿದರು, ತಮ್ಮ ಕೋಟಿನ ತೋಳನ್ನು ಮೂಸಿ ನೋಡಿದರು. ಆಮೇಲೆ ಹಾಲೇಶಪ್ಪನಿಗೆ ಬೆನ್ನು ನೋವಿದೆಯೇ ಎಂದು ಕೇಳಿದರು. ಮೂವತ್ತು ವರ್ಷ ಭಟ್ಟಿಯ ಮುಂದೆ ಬಗ್ಗಿದವನಿಗೆ ಇಲ್ಲದೆ ಇರುತ್ತದೆಯೇ ಎಂದೆ. ಬೆನ್ನಿನ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಯಂತ್ರದೊಳಗೆ ಪಟ್ಟಿ ಇರಕೂಡದು, ತೆಗೆಯಲೇಬೇಕು. ತೆಗೆದದ್ದನ್ನು ಮತ್ತೆ ಅಂಟಿಸಲು ಅದಕ್ಕೆ ಇನ್ನೊಂದು ಸಾವಿನ ಗಂಟೆ ಬೇಕು. ಹೀಗೆ ಒಬ್ಬ ದೊಡ್ಡ ಮನುಷ್ಯನ ಮಾನ ಉಳಿಸಲು ಹೋಗಿ ಒಬ್ಬ ಸಣ್ಣ ಮನುಷ್ಯನ ಪ್ರಾಣ ಉಳಿಯಿತು. ನಮ್ಮಲ್ಲಿ ಒಳ್ಳೆಯ ಕೆಲಸಗಳು ಆಗುವುದೇ ಹೀಗೆ.

ಪಟ್ಟಿ ತೆಗೆದ ಅರ್ಧ ಗಂಟೆಗೆ ಹಾಲೇಶಪ್ಪ ಆಸ್ಪತ್ರೆಯ ಕಾಂಪೌಂಡಿನ ಹೊರಗೆ ನಿಂತು ಒಂದು ಬೀಡಿ ಹಚ್ಚಿದ. ನಾನು ನೋಡಿದೆ. ಕೈ ನಡುಗಲಿಲ್ಲ, ಬೆವರಲಿಲ್ಲ, ಆರಾಮಾಗಿ ಎಳೆದ. ಅಷ್ಟರಲ್ಲಿ ಗೇಟಿನ ಕಡೆಯಿಂದ ದುಗ್ಗಮ್ಮ ಬಂದಳು. ಅವಳ ಮುಖ ಕಂಡದ್ದೇ ಬೀಡಿ ಕೆಳಗೆ ಬಿತ್ತು. ಗೋಡೆಗೆ ಆತುಕೊಂಡ, ಎದೆ ಹಿಡಿದುಕೊಂಡ. ಗುಮ್ಮ ನನ್ನ ಜೇಬಿನಲ್ಲಿತ್ತು. ಆದರೂ ಅವನು ಹೆದರಿದ. ಬೀಡಿಯ ಭಯ ಪಟ್ಟಿಯ ಜೊತೆ ಹೋಯಿತು, ಅವಳ ಭಯ ಉಳಿಯಿತು. ಕಂಪನಿಯ ಮಹಾ ವಿಜ್ಞಾನ ಕೊನೆಗೆ ಸಾಧಿಸಿದ್ದು ಇದನ್ನು.

ದುಗ್ಗಮ್ಮ ಅಲ್ಲೇ ನಿಂತಳು. ಆಮೇಲೆ ಮೆಲ್ಲಗೆ ತಿರುಗಿ ಅವನಿಗೆ ಬೆನ್ನು ಹಾಕಿದಳು. ಎರಡು ನಿಮಿಷಕ್ಕೆ ಅವನ ಉಸಿರು ಹದಕ್ಕೆ ಬಂತು. ಅವಳ ಬೆನ್ನು ನೋಡುತ್ತಾ ನಿಂತ. ಆಗ ನನಗೆ ಹೊಳೆಯಿತು. ಬೆನ್ನಿಗೆ ಅವನು ಹೆದರುವುದಿಲ್ಲ.

ಉಗ್ರಾಣದಿಂದ ನನ್ನ ಸ್ಟೂಲನ್ನು ಹೊರಗೆ ತೆಗೆಸಿದೆ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಂದು ಕಲ್ಲು ಬೆಂಚು. ದಿನಾ ಮಧ್ಯಾಹ್ನ ಮೂರಕ್ಕೆ ಇಬ್ಬರನ್ನೂ ಬರಹೇಳಿದೆ. ಬೀಡಿ ಬಿಡಿಸಲು ನಾನು ಬಳಸುತ್ತಿದ್ದ ಹಳೆಯ ಉಪಾಯ ಬಹಳ ಸರಳವಾದದ್ದು. ಆಸೆ ಬಂದಾಗ ಹತ್ತು ನಿಮಿಷ ತಡಿ, ಪಕ್ಕದಲ್ಲಿ ನಾನಿದ್ದೇನೆ. ಅದನ್ನೇ ಭಯಕ್ಕೂ ಹಾಕಿ ನೋಡುವುದು ಎಂದುಕೊಂಡೆ. ಹತ್ತು ನಿಮಿಷ ತಡಿ. ನೂರಕ್ಕೆ ಹನ್ನೆರಡರ ಉಪಾಯ ಅದು, ನಿಶ್ಚಲ ಕೇಳಿದ್ದರೆ ಮತ್ತೆ ಮುಗುಳ್ನಗುತ್ತಿದ್ದ.

ದುಗ್ಗಮ್ಮ ಬೆಂಚಿನ ಆ ತುದಿಯಲ್ಲಿ ಬೆನ್ನು ಹಾಕಿ ಕೂರುತ್ತಿದ್ದಳು. ಹಾಲೇಶಪ್ಪ ಹದಿನೈದು ಹೆಜ್ಜೆ ದೂರ, ನಾನು ಅವನ ಪಕ್ಕ. ಸುಮ್ಮನೆ ಕೂರಲು ಅವಳಿಗೆ ಬರುವುದಿಲ್ಲ, ಮೂರನೆಯ ದಿನ ಮೊರ ತಂದು ಬೀಡಿ ಕಟ್ಟತೊಡಗಿದಳು. ಆಸ್ಪತ್ರೆಯ ಅಂಗಳದಲ್ಲಿ ಬೀಡಿ ಕಟ್ಟಿಸಿದ ಆಪ್ತ ಸಲಹೆಗಾರ್ತಿ ಬೇರೆ ಯಾರೂ ಇರಲಾರರು. ಬೇಡ ಎನ್ನಲು ಬಾಯಿ ಬರಲಿಲ್ಲ. ಹೆಂಡತಿ ಎಂದರೆ ಅವನಿಗೆ ಆ ಸದ್ದು, ಕತ್ತರಿ ಎಲೆ ಕತ್ತರಿಸುವ ಸದ್ದು. ಅದು ಕೇಳಿದಾಗ ಅವನ ಹೆಗಲು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

ಒಂದು ಷರತ್ತು ಹಾಕಿದ್ದೆ. ಬೀಡಿ ಹಚ್ಚಿದರೆ ಆ ದಿನ ಬೆಂಚು ಇಲ್ಲ. ಅವನು ಎರಡು ಸಲ ಹಚ್ಚಿದ, ಎರಡು ಸಲವೂ ಸೇದಿಲ್ಲ ಎಂದು ಸುಳ್ಳು ಹೇಳಿದ, ಎರಡು ಸಲವೂ ನಾನು ದುಗ್ಗಮ್ಮನನ್ನು ಬಾಗಿಲಲ್ಲೇ ವಾಪಸು ಕಳಿಸಿದೆ. ಎರಡನೆಯ ಸಲ ಅವಳು ಹೋಗುವ ಮುಂಚೆ ಒಂದು ಬೀಡಿ ಕೊಟ್ಟು, ಇದನ್ನು ಕೊಡಿ, ಹಚ್ಚಬಾರದು ಎಂದು ಹೇಳಿ ಎಂದಳು. ತಂದು ಕೊಟ್ಟೆ. ಅವನು ತಿರುವಿ ನೋಡಿದ. ದಾರ ಸುತ್ತಿದ ರೀತಿ ನೋಡಿಯೇ, ಇದು ಆಕೆ ಕಟ್ಟಿದ್ದು ಎಂದ. ಬಹಳ ಹೊತ್ತು ಮೂಸಿದ. ಆಮೇಲೆ ಅದನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. ಭಟ್ಟಿಯ ಗಂಡಸರೆಲ್ಲ ಆಮೇಲೆ ಸೇದುವ ಬೀಡಿಯನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಾರೆ. ಇವನ 'ಆಮೇಲೆ' ಬರಲೇ ಇಲ್ಲ. ಎಲೆ ಒಣಗಿ ಒಡೆದರೆ ದುಗ್ಗಮ್ಮ ಹೊಸದು ಕಟ್ಟಿಕೊಡುತ್ತಿದ್ದಳು.

ಹದಿನೈದು ಹೆಜ್ಜೆ ಹತ್ತಾಯಿತು, ಆರಾಯಿತು. ನಡುವೆ ಒಂದು ದಿನ ಅವಳು ಸೀನಿ ಥಟ್ಟನೆ ತಿರುಗಿಬಿಟ್ಟಳು, ಮತ್ತೆ ಹದಿನೈದಕ್ಕೆ ಹೋಯಿತು. ಆ ದಿನ ಅವಳು ಮೊದಲ ಸಲ ಅತ್ತಳು. ನಾನೂ ಅತ್ತೆ, ನಿಶ್ಚಲನಿಗೆ, ಕೈಪಿಡಿಗೆ, 'ಇಲ್ಲ' ಒತ್ತಿದ ನನ್ನ ಬೆರಳಿಗೆ ಬಾಯಿಗೆ ಬಂದಂತೆ ಬೈದೆ. ನಾಲ್ಕನೆಯ ತಿಂಗಳಲ್ಲಿ ಅವನು ಬೆಂಚಿನ ಈ ತುದಿಯಲ್ಲಿ ಕೂತ. ಒಂದು ಮಧ್ಯಾಹ್ನ ಅವಳ ಹೆಗಲ ಮೇಲಿನಿಂದ ಮೊರದೊಳಗೆ ಇಣುಕಿ ನೋಡಿದ.

"ದಾರ ಬಿಗಿ ಆತು ನೋಡು. ಹೊಗಿ ಎಳಿಯಾಕೆ ಬರಲ್ಲ" ಎಂದ.

ದುಗ್ಗಮ್ಮನ ಕೈ ನಿಂತಿತು. ತಿರುಗಲಿಲ್ಲ. "ಸೇದೋರು ನೀವಲ್ಲ, ಸುಮ್ಕಿರ್ರಿ" ಎಂದಳು. ಮತ್ತೆ ಕಟ್ಟತೊಡಗಿದಳು. ಅವನು ಮನೆ ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದು ಹೋಗಿದ್ದರು. ಅವರು ಬಂದ ದಿನ ಸೂಪರಿಂಟೆಂಡೆಂಟರಿಗೆ ಜ್ವರ, ರೌಂಡ್ಸ್ ಇರಲಿಲ್ಲ. ಚುಕ್ಕೆಗಳೆಲ್ಲ ಹಸಿರಾಗಿದ್ದವು. ವಿಮುಕ್ತಿ ಎಲ್ಲ ಜಿಲ್ಲೆಗಳಿಗೂ ಹೋಯಿತು. ನಾನು ಐದನೆಯ ಪ್ರಶ್ನೆಯ ಬಗ್ಗೆ ಮೂರು ಪತ್ರ ಬರೆದೆ. ಮೂರನೆಯ ಪತ್ರಕ್ಕೆ ಉತ್ತರ ಬಂತು, ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಎಂದು.

ನೂರೆಂಬತ್ತನೆಯ ದಿನ ನಾವು ಮೂವರೂ ಬೇವಿನ ಮರದ ಕೆಳಗಿದ್ದೆವು. ದುಗ್ಗಮ್ಮ ಈಗ ಓರೆಯಾಗಿ ಕೂರುತ್ತಿದ್ದಳು, ಅವನಿಗೆ ಅವಳ ಅರ್ಧ ಮುಖ ಕಾಣುವಂತೆ. ಪೂರ್ತಿ ಮುಖ ಇನ್ನೂ ಆಗುತ್ತಿರಲಿಲ್ಲ. ಹಾಲೇಶಪ್ಪನ ಫೋನು ಬಡಿದುಕೊಂಡಿತು. ಅವನಿಗೆ ಸರಿಯಾಗಿ ಕೇಳುವುದಿಲ್ಲವೆಂದು ಸ್ಪೀಕರಿಗೆ ಹಾಕಿದ.

"ನಮಸ್ಕಾರ" ಎಂದಿತು ಒಂದು ಹೆಣ್ಣು ದನಿ, ತಪ್ಪಿಲ್ಲದ, ಜೀವವಿಲ್ಲದ ಕನ್ನಡದಲ್ಲಿ. "ನೀವು ಬಿಟ್ಟಿದ್ದೀರಾ? ಹೌದು ಅಥವಾ ಇಲ್ಲ ಎಂದು ಹೇಳಿ."

ನನ್ನದೇ ಪದ. ಏನನ್ನು ಎಂದು ಅದರಲ್ಲಿ ಇರಲಿಲ್ಲ. ನಾನೇ ತೆಗೆಸಿ ಹಾಕಿದ್ದೆ. ಆರು ತಿಂಗಳಿಂದ ದಾರಿಯಲ್ಲಿ ಹೋಗುವವರೆಲ್ಲ ಅವನನ್ನು ಕೇಳಿ ನಕ್ಕಿದ್ದ ಅದೇ ಪ್ರಶ್ನೆ ಈಗ ಫೋನಿನೊಳಗಿಂದಲೂ ಬಂತು. ಹಾಲೇಶಪ್ಪನ ಮುಖ ಗಂಟಿಕ್ಕಿತು. ಅವನು ದುಗ್ಗಮ್ಮನ ಅರ್ಧ ಮುಖವನ್ನು ನೋಡಿದ. ಅವಳ ಕೈಯಲ್ಲಿ ಕತ್ತರಿ ಹಾಗೇ ನಿಂತಿತ್ತು.

"ಇಲ್ಲ" ಎಂದ. "ಬಿಟ್ಟಿಲ್ಲ. ಬಿಡಾದೂ ಇಲ್ಲ."

ನಿಮ್ಮ ಉತ್ತರ ದಾಖಲಾಗಿದೆ ಎಂದು ಹೇಳಿ ದನಿ ನಿಂತುಹೋಯಿತು. ದುಗ್ಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುದಿನ ನಿಶ್ಚಲ ನನ್ನನ್ನು ಗಾಜಿನ ಕೋಣೆಗೆ ಕರೆದ. ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಕಪ್ಪಾಗಿತ್ತು, ಪಕ್ಕದಲ್ಲಿ 'ವಿಫಲ' ಎಂದಿತ್ತು. ಅಷ್ಟು ಚೆನ್ನಾಗಿದ್ದವನು ಪಟ್ಟಿ ತೆಗೆದದ್ದೇ ಕೆಟ್ಟುಹೋದ ನೋಡಿ, ಇಂಥವರಿಗೆ ಇಚ್ಛಾಶಕ್ತಿಯೇ ಇರುವುದಿಲ್ಲ ಎಂದ. ನಾಲ್ಕು ತಿಂಗಳಿಂದ ಬೀಡಿ ಹಚ್ಚದವನು ಅವನ ಲೆಕ್ಕದಲ್ಲಿ ಸೋತವನಾಗಿದ್ದ. ತಿದ್ದಬಹುದಿತ್ತು. ಬಾಯಿ ತೆರೆದರೆ ಅವನ ಎಂಬತ್ತೊಂಬತ್ತಕ್ಕೆ ಇನ್ನೊಂದು ಸೇರುತ್ತದೆ ಎಂದು ಸುಮ್ಮನಾದೆ.

"ಏನಾಯ್ತು ಮೇಡಂ ಅವನಿಗೆ?" ಎಂದು ಕೇಳಿದ.

"ಬಿಡೋಕೆ ಮನಸ್ಸು ಬರಲಿಲ್ಲವಂತೆ" ಎಂದೆ.

ಮೂರು ಗಂಟೆಯಾಗಿತ್ತು. ಗಾಜಿನಾಚೆ, ಕೆಳಗಿನ ಅಂಗಳದಲ್ಲಿ ಇಬ್ಬರೂ ಆಗಲೇ ಬಂದು ಕೂತಿದ್ದರು. ನಾನು ಇರಲಿಲ್ಲ, ನನ್ನ ಸ್ಟೂಲು ಖಾಲಿ ಇತ್ತು. ದುಗ್ಗಮ್ಮ ಏನೋ ಹೇಳುತ್ತಾ ಮರೆತು ಅವನ ಕಡೆ ಪೂರ್ತಿ ತಿರುಗಿದ್ದಳು. ಹಾಲೇಶಪ್ಪ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ, ಆದರೆ ಏಳಲಿಲ್ಲ. ಅವನ ಕಿವಿಯ ಸಂದಿಯಲ್ಲಿ, ಗುಮ್ಮ ಕೂತಿದ್ದ ಕಡೆ, ಅವಳು ಕಟ್ಟಿದ ಬೀಡಿ ಇತ್ತು. ಹಚ್ಚಿರಲಿಲ್ಲ.